ಬಚ್ಚಲಮನೆಯ ಗುಣದೋಷ

ಪದ್ಯಕ್ಕೆ ವಿಮರ್ಶೆ ಇದೆ, ನಾಟಕಕ್ಕೆ ಇದೆ. ಸಿನೆಮಾಕ್ಕಂತೂ ಚಹಾದ ಅಂಗಡಿಯ ಬಾಕಿನ ಮೇಲೇ ದಿನಾ ವಿಮರ್ಶೆ ನಡೆದಿರುತ್ತದೆ. ಬಚ್ಚಲಮನೆಗೆ ವಿಮರ್ಶೆ ಬರೆದವರನ್ನು ಮಾತ್ರ ನಾನು ಕಂಡಿಲ್ಲ. ವಾಚನಾಲಯದ ಪುಸ್ತಕದೊಳಗೆ ಇಂಥಾ ವಿಷಯ ಯಾಕ ಬೇಕಿತ್ತು ಅಂತ ಕೆಲವರು ಮೂಗು ಮುರಿಯಬಹುದು. ಮುರಿಯಲಿ. ಒಳ್ಳೆಯ ಕವನವನ್ನು ವರ್ಷಕ್ಕೆ ಎರಡು ಸಲ ಓದಿದರೆ ಹೆಚ್ಚು. ಬಚ್ಚಲಮನೆಗೆ ದಿನಾ ಕಾಲಿಡುತ್ತೇವೆ. ಕವನ ಕೆಟ್ಟರೆ ಪುಟ ತಿರುವಿ ಹಾಕಬಹುದು. ಬಚ್ಚಲಮನೆ ಕೆಟ್ಟರೆ ಮುತ್ಯಾನ ತೊಡೆಯ ಎಲುಬು ಮುರಿಯುತ್ತದೆ.

ಈಗ ನಮ್ಮ ಕಡೆ ಮನೆ ಕಟ್ಟಿಸುವವರು ಅಡುಗೆಮನೆಗಿಂತ, ದೇವರ ಕೋಣೆಗಿಂತ ಬಚ್ಚಲಮನೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಾರೆ. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಗೌಂಡಿಯ ಮುಂದೆ ಹಿಡಿದು, "ಹಿಂಗ ಬೇಕು ನೋಡಪಾ, ಎಲಿಗಂಟ್ ಆಗಿ" ಅನ್ನುತ್ತಾರೆ. ಆ ಫೋಟೋಗಳನ್ನು ನಾನೂ ಬಹಳ ನೋಡಿದ್ದೇನೆ. ನೆಲ, ಗೋಡೆ, ಕಟ್ಟೆ ಎಲ್ಲಾ ಒಂದೇ ಕಲ್ಲು. ಕನ್ನಡಿಯ ಹಾಂಗ ಹೊಳಪು. ಮೂಲೆಗೆ ಒಂದು ಹಸಿರು ಗಿಡ, ಗೂಟಕ್ಕೆ ಒಂದು ಬಿಳಿ ಟವೆಲ್. ಎಲ್ಲಾ ಇದೆ, ಒಂದು ಹನಿ ನೀರು ಮಾತ್ರ ಎಲ್ಲಿಯೂ ಕಾಣುವುದಿಲ್ಲ. ನೀರೇ ಇಲ್ಲದ ಬಚ್ಚಲಮನೆಯ ಫೋಟೋ ನೋಡಿ ನಾವು ನೀರು ಸುರಿಯುವ ಬಚ್ಚಲಮನೆ ಕಟ್ಟಿಸುತ್ತೇವೆ. ತಪ್ಪು ಇಲ್ಲಿಂದಲೇ ಸುರುವಾಗುತ್ತದೆ. ಬಚ್ಚಲಮನೆಯ ಚಂದವನ್ನು ಒಣಗಿದಾಗ ನೋಡಿ ಹೇಳಬಾರದು, ತೊಯ್ದಾಗ ನೋಡಿ ಹೇಳಬೇಕು. ಈ ಲೇಖನದಲ್ಲಿ ನಾನು ಹೇಳಬೇಕಾದ್ದು ಇದೊಂದೇ ಮಾತು. ಉಳಿದದ್ದೆಲ್ಲ ಅದರ ವಿವರ.

ವಿಮರ್ಶೆ ಅಂದಮೇಲೆ ಒಂದು ಅಳತೆಗೋಲು ಬೇಕಲ್ಲ. ಅದಕ್ಕೆ ನಾವು ದೂರ ಹೋಗಬೇಕಾಗಿಲ್ಲ. ನಮ್ಮ ತಾಂಡೂರಿನ ಕಾಗ್ನಾ ಹೊಳೆಯೇ ಮುಂದೆ ಹರಿದು ಮಳಖೇಡದ ಕೋಟೆಯ ಬದಿಯಿಂದ ಹೋಗಿ ಭೀಮೆಯನ್ನು ಕೂಡುತ್ತದೆ. ಆ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. 9ನೇ ಶತಮಾನದಲ್ಲಿ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ಹುಟ್ಟಿತು. ನಮಗೆ ಸಿಕ್ಕಿರುವ ಕನ್ನಡ ಗ್ರಂಥಗಳಲ್ಲೆಲ್ಲ ಅದೇ ಹಳೆಯದು, ಮತ್ತು ಅದು ಕಾವ್ಯ ಹೇಗಿರಬೇಕು ಅಂತ ಹೇಳುವ ಗ್ರಂಥ. ಅದರಲ್ಲಿ ಮೂರು ಪರಿಚ್ಛೇದ. ಮೊದಲನೆಯದರಲ್ಲಿ ದೋಷ ಯಾವುದು, ದೋಷ ಅಲ್ಲದ್ದು ಯಾವುದು ಎಂಬ ನಿರ್ಣಯ. ಎರಡನೆಯದರಲ್ಲಿ ಶಬ್ದಾಲಂಕಾರ. ಮೂರನೆಯದರಲ್ಲಿ ಅರ್ಥಾಲಂಕಾರ. ಈ ಕ್ರಮ ನನಗೆ ಬಹಳ ಹಿಡಿಸಿದೆ. ಮೊದಲು ದೋಷ ಕಳೆಯಬೇಕು, ಅಲಂಕಾರ ಆಮೇಲೆ. ಕಾವ್ಯಕ್ಕೆ ಹೇಳಿದ ಈ ಕ್ರಮ ಬಚ್ಚಲಮನೆಗೂ ಅಷ್ಟೇ ಒಪ್ಪುತ್ತದೆ. ನಾವು ಮಾಡುತ್ತಿರುವುದು ಉಲ್ಟಾ. ಹೊಳಪು ಮೊದಲು ಆರಿಸುತ್ತೇವೆ, ನೀರು ಎಲ್ಲಿಗೆ ಹೋಗಬೇಕು ಅನ್ನುವುದನ್ನು ಕೊನೆಗೆ ಗೌಂಡಿಯ ಪಾಲಿಗೆ ಬಿಡುತ್ತೇವೆ.

ವಿಮರ್ಶೆಗೆ ಮೂರು ಕೃತಿಗಳನ್ನು ಇಟ್ಟುಕೊಳ್ಳೋಣ. ಮೂರೂ ನಮ್ಮ ಊರುಗಳಲ್ಲಿ ಯಾರು ಬೇಕಾದರೂ ನೋಡಬಹುದಾದಂಥವು.

ಮೊದಲನೆಯದು ಹಳೆಯ ಮನೆಯ ಬಚ್ಚಲು. ನೆಲಕ್ಕೆ ಎರಡಡಿ, ಮೂರಡಿಯ ಶಾಬಾದಿ ಪರಸಿ. ಗೋಡೆಯ ಬುಡಕ್ಕೆ ನಿಲ್ಲಿಸಿದ ಅದೇ ಪರಸಿ. ಒಂದು ಬದಿಗೆ ಒಲೆ, ಹಂಡೆ. ಕುಂತು ಜಳಕ ಮಾಡಲಿಕ್ಕೆ ಒಂದು ದಪ್ಪ ಕಲ್ಲು. ನೀರು ಹೋಗಲಿಕ್ಕೆ ಗೋಡೆಯ ಬುಡದಲ್ಲಿ ಒಂದು ಕಂಡಿ. ಎರಡನೆಯದು ಈಗಿನ ಹೊಸ ಮನೆಯದು. ನೆಲಕ್ಕೂ ಗೋಡೆಗೂ ಎರಡಡಿ ಅಗಲ, ನಾಲ್ಕಡಿ ಉದ್ದದ ಹೊಳಪಿನ ಟೈಲ್ಸು. ಮೇಲೆ ಅಮೃತಶಿಲೆಯ ಚಿತ್ರ ಅಚ್ಚು ಹಾಕಿದ್ದು. ಮೂರನೆಯದು ಸ್ವಲ್ಪ ಹೆಚ್ಚು ದುಡ್ಡಿದ್ದವರದು. ಚಿತ್ರದ ಕಲ್ಲು ಬೇಡ, ಖರೇ ಕಲ್ಲೇ ಬೇಕು ಅಂತ ಗ್ರಾನೈಟು, ಅಮೃತಶಿಲೆ ತರಿಸಿ ಕನ್ನಡಿ ಪಾಲಿಶ್ ಮಾಡಿಸಿ ಹಾಕಿದ್ದು.

ಮೊದಲು ದೋಷ.

ಮೊದಲನೆಯ ದೋಷ ಇಳಿಜಾರಿನದು. ನಮ್ಮ ಜಳಕ ಬಕೀಟು, ತಂಬಿಗೆಯ ಜಳಕ. ಫೋಟೋದೊಳಗಿನ ಮನೆಗಳಲ್ಲಿ ಗಾಜಿನ ಪರದೆಯ ಆ ಕಡೆ ನೀರು, ಈ ಕಡೆ ಒಣ ನೆಲ. ನಮ್ಮಲ್ಲಿ ತಲೆ ಮೇಲೆ ಸುರಿದ ನೀರು ನಾಲ್ಕೂ ಗೋಡೆ ಮುಟ್ಟಿ ಬರುತ್ತದೆ. ಹಿಂಗಾಗಿ ಇಡೀ ನೆಲ ಇಳಿಜಾರಾಗಿರಬೇಕು. ಮೂರಡಿಗೆ ಅರ್ಧ ಇಂಚು ಇಳಿದರೆ ಸಾಕು. ಏಳಡಿ ಉದ್ದದ ಕೋಣೆಗೆ ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. ಅದಕ್ಕಿಂತ ಕಮ್ಮಿಯಾದರೆ ನೀರು ನಿಲ್ಲುತ್ತದೆ, ಬಹಳ ಹೆಚ್ಚಾದರೆ ನಿಂತವರ ಕಾಲು ಜಾರುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಹಳೆಯ ಬಚ್ಚಲಿನಲ್ಲಿ ದೊಡ್ಡ ದೊಡ್ಡ ಪರಸಿ ಹಾಕಿದ್ದರೂ ನೀರು ನಿಲ್ಲುತ್ತಿರಲಿಲ್ಲ. ಕಾರಣ, ಇಡೀ ನೆಲ ಒಂದೇ ಗೋಡೆಯ ಕಡೆ ಇಳಿದಿರುತ್ತಿತ್ತು. ಆ ಗೋಡೆಯ ಬುಡಗುಂಟ ಹರಿದು ನೀರು ಕಂಡಿಗೆ ಹೋಗುತ್ತಿತ್ತು. ಈಗ ನಾವು ಒಂದು ಮೂಲೆಗೋ ನಡುವಿಗೋ ಅಂಗೈ ಅಗಲದ ಜಾಲಿ ಇಡುತ್ತೇವೆ. ನೀರು ನಾಲ್ಕೂ ಕಡೆಯಿಂದ ಒಂದು ಚುಕ್ಕೆಗೆ ಬರಬೇಕು. ಅಂದರೆ ನೆಲ ತಟ್ಟೆಯ ಹಾಂಗ ತಗ್ಗಬೇಕು. ನಾಲ್ಕಡಿ ಉದ್ದದ ಟೈಲ್ಸು ಬಾಗುತ್ತದೇನು? ಬಾಗುವುದಿಲ್ಲ. ಗೌಂಡಿ ಅದನ್ನು ಓರೆಯಾಗಿ ಕೊಯ್ಯಬೇಕು, ಇಲ್ಲಾ ಸಪಾಟಾಗಿ ಹಾಕಿ ಸುಮ್ಮನಾಗಬೇಕು. ಎರಡನೆಯದೇ ಹೆಚ್ಚು ಆಗುತ್ತದೆ. ಒಂದಡಿ ಚೌಕದ ಕಲ್ಲಾದರೆ ಸಂದು ಸಂದಿಗೆ ಒಂದಿಷ್ಟು ತಗ್ಗಿಸುತ್ತಾ ಬರಬಹುದು. ದೊಡ್ಡ ಕಲ್ಲೇ ಬೇಕು ಅನ್ನುವವರು ಗೋಡೆಯ ಬುಡಕ್ಕೆ ಉದ್ದದ ಜಾಲಿ ಇಡಿಸಿ ಹಳೆಯ ಪದ್ಧತಿಗೇ ಹೋಗಬೇಕು. ಪಟ್ಟಣದಲ್ಲಿ ಈಗ ಇದನ್ನೇ ಹೊಸ ಫ್ಯಾಶನ್ ಅಂತ ಮಾರುತ್ತಾರೆ. ನಮ್ಮ ಮುತ್ಯಾಂದಿರಿಗೆ ಅದು ಗೊತ್ತೇ ಇತ್ತು.

ಎರಡನೆಯ ದೋಷ ಜಾರುವುದು. ಹೊಳಪು ಅಂದರೆ ಏನು? ಮೇಲ್ಮೈಯ ಸಣ್ಣ ಸಣ್ಣ ಉಬ್ಬುತಗ್ಗುಗಳನ್ನೆಲ್ಲಾ ಉಜ್ಜಿ ಕಳೆದದ್ದು. ಕಾಲಿಗೂ ನೆಲಕ್ಕೂ ನಡುವೆ ಸಾಬೂನಿನ ನೀರು ತೆಳ್ಳಗೆ ನಿಂತಾಗ ಪಾದ ಹಿಡಿಯುವುದು ಆ ಉಬ್ಬುತಗ್ಗುಗಳನ್ನೇ. ಅವನ್ನು ದುಡ್ಡು ಕೊಟ್ಟು ಉಜ್ಜಿಸಿ, ಆಮೇಲೆ ಅದರ ಮೇಲೆ ಪ್ಲಾಸ್ಟಿಕ್ ಚಾಪೆ ಹಾಸುತ್ತೇವೆ! ಎರಡನೆಯ ಕೃತಿಗೂ ಮೂರನೆಯ ಕೃತಿಗೂ ಇದೇ ದೊಡ್ಡ ದೋಷ. ಕಲ್ಲು ಖರೇ ಇರಲಿ, ಚಿತ್ರದ್ದಿರಲಿ, ಕನ್ನಡಿ ಪಾಲಿಶ್ ಆದಮೇಲೆ ಎರಡೂ ಒಂದೇ. ನಮ್ಮ ಓಣಿಯಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಹಾಸಿಗೆ ಹಿಡಿದ ಹಿರಿಯರು ಇದ್ದಾರೆ. ನಿಮ್ಮ ಓಣಿಯಲ್ಲೂ ಇರಬಹುದು. ಶಾಬಾದಿ ಕಲ್ಲಿನ ಗುಣ ಏನೆಂದರೆ, ಅದು ಪದರು ಪದರಾಗಿ ಸೀಳುತ್ತದೆ. ಸೀಳಿದ ಮುಖ ಚೊಕ್ಕ ಇರುತ್ತದೆ, ಆದರೆ ನುಣುಪು ಇರುವುದಿಲ್ಲ. ಆ ಮುಖವನ್ನು ಹಂಗೇ ಬಿಟ್ಟರೆ, ಇಲ್ಲವೇ ಹೊಳಪು ಬರದಷ್ಟೇ ಅರ್ಧ ಉಜ್ಜಿಸಿದರೆ, ತೊಯ್ದ ಕಾಲಿಗೆ ಹಿಡಿತ ಸಿಗುತ್ತದೆ. ಸಣ್ಣ ಕಲ್ಲು ಹಾಕಿದರೆ ಸಂದುಗಳ ಹಿಡಿತ ಬೇರೆ.

ಮೂರನೆಯ ದೋಷವನ್ನು ನಾವು ಕಟ್ಟುವಾಗ ಮಾಡುವುದಿಲ್ಲ, ತೊಳೆಯುವಾಗ ಮಾಡುತ್ತೇವೆ. ಶಾಲೆಯ ಗುರುಗಳಿಗೆ ಇದು ಹೊಸದಲ್ಲ. ಮಕ್ಕಳಿಗೆ ತೋರಿಸಲಿಕ್ಕೆ ಇದಕ್ಕಿಂತ ಛಲೋ ಪಾಠ ಇಲ್ಲ. ಶಾಬಾದಿ ಕಲ್ಲು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೋನೇಟ್. ಅದಕ್ಕೇ ಈ ಕಲ್ಲಿನ ಸೀಮೆಯಲ್ಲಿ ತಾಂಡೂರು, ಸೇಡಂ, ವಾಡಿ ಸುತ್ತಮುತ್ತ ಸಿಮೆಂಟ್ ಕಾರ್ಖಾನೆಗಳು. ಇದರ ಮೇಲೆ ಆಮ್ಲ ಬಿದ್ದರೆ ನೊರೆ ಬರುತ್ತದೆ, ಕಾರ್ಬನ್ ಡೈಆಕ್ಸೈಡ್ ಹೋಗುತ್ತದೆ, ಕಲ್ಲು ಕರಗುತ್ತದೆ. ಈಗ ಮನೆಗಳಲ್ಲಿ ನೋಡ್ರಿ. ನಮ್ಮ ಬೋರಿನ ನೀರು ಗಡಸು. ಅದು ನೆಲದೊಳಗಿನ ಇದೇ ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಬಂದ ನೀರು. ಬಚ್ಚಲ ನೆಲದ ಮೇಲೆ ಅದು ಒಣಗಿದಾಗ ಬಿಳಿ ಕಲೆ ಉಳಿಯುತ್ತದೆ. ಆ ಬಿಳಿ ಕಲೆಯೂ ಬಹುಪಾಲು ಕ್ಯಾಲ್ಸಿಯಂ ಕಾರ್ಬೋನೇಟೇ. ಅದನ್ನು ತೆಗೆಯಲಿಕ್ಕೆ ಅಂಗಡಿಯಿಂದ ಆಸಿಡ್ ತಂದು ಸುರಿಯುತ್ತೇವೆ. ಕಲೆಯೂ ಕಲ್ಲೂ ಒಂದೇ ಕುಲದವು. ಆಸಿಡ್‌ಗೆ ಯಾವುದು ಕಲೆ, ಯಾವುದು ಕಲ್ಲು ಅಂತ ಗುರುತು ಸಿಗುವುದಿಲ್ಲ. ಎರಡನ್ನೂ ತಿನ್ನುತ್ತದೆ. ನೆಲ ಬೆಳ್ಳಗಾಯಿತು ಅಂತ ನಾವು ಖುಷಿ ಪಡುತ್ತೇವೆ, ಕಲ್ಲಿನ ಮುಖ ಹೋಗಿರುತ್ತದೆ. ಒರಟಾದ ಆ ಮುಖದಲ್ಲಿ ಮುಂದಿನ ವಾರ ಕೊಳೆ ಇನ್ನೂ ಹೆಚ್ಚು ಕೂಡುತ್ತದೆ, ಮತ್ತೆ ಆಸಿಡ್. ಆಮೇಲೆ "ಈ ಕಲ್ಲೇ ಹೊಲಸು, ಟೈಲ್ಸೇ ಛಲೋ" ಅಂತ ತೀರ್ಪು. ಇದು ಕಲ್ಲಿನ ದೋಷ ಅಲ್ಲ.

ಅಮೃತಶಿಲೆಗೂ ಇದೇ ಗತಿ, ಅದೂ ಸುಣ್ಣದ ಕುಲದ್ದೇ. ಗ್ರಾನೈಟಿಗೆ ಈ ಆಸಿಡ್ ಅಷ್ಟು ತಟ್ಟುವುದಿಲ್ಲ. ತರುವ ಕಲ್ಲು ಯಾವ ಕುಲದ್ದು ಅಂತ ಗೊತ್ತಾಗದಿದ್ದರೆ ಅಂಗಡಿಯವನ ಮಾತು ಕೇಳಬೇಕಿಲ್ಲ. ಪಾಲಿಶ್ ಮಾಡಿದ ಒಂದು ಚೂರಿನ ಮೇಲೆ ನಿಂಬೆಹಣ್ಣು ಹಿಂಡಿ ಹತ್ತು ನಿಮಿಷ ಬಿಡಿರಿ. ಒರೆಸಿದ ಮೇಲೆ ಅಲ್ಲಿ ಹೊಳಪು ಹೋಗಿದ್ದರೆ ಅದು ಸುಣ್ಣದ ಕಲ್ಲು. ಕಲ್ಲು ಪೂರಾ ಒಣಗಿದ ಮೇಲೆ ಬಳಿಯುವ ಸೀಲರ್ ಎಂಬ ದ್ರವ ಎಣ್ಣೆ, ಅರಿಷಿಣದ ಕಲೆ ಇಳಿಯದ ಹಾಂಗ ತಡೆಯುತ್ತದೆ. ಆದರೆ ಆಸಿಡ್‌ನಿಂದ ಅದೂ ಕಾಪಾಡುವುದಿಲ್ಲ. ದಿನಾ ಜಳಕ ಆದಮೇಲೆ ನೀರು ಬಳಿದು ಬಿಡುವುದು, ವಾರಕ್ಕೊಮ್ಮೆ ಸೌಮ್ಯ ಸಾಬೂನು, ಒಂದು ಬ್ರಶ್ಶು. ಇದಕ್ಕಿಂತ ಹೆಚ್ಚಿನ ಔಷಧ ಈ ಕಲ್ಲಿಗೆ ಬೇಕಿಲ್ಲ.

ನಾಲ್ಕನೆಯ ದೋಷ ಕಣ್ಣಿಗೆ ಬೀಳುವುದಿಲ್ಲ, ಗೋಡೆಯ ಹಿಂದೆ ಇರುತ್ತದೆ. ಕಲ್ಲಿನ ಭಾರ ಯಾರೂ ಲೆಕ್ಕ ಹಾಕುವುದಿಲ್ಲ. 20 ಮಿಲಿಮೀಟರ್ ದಪ್ಪದ ಒಂದು ಚದರಡಿ ಕಲ್ಲು ಸುಮಾರು 5 ಕಿಲೋ ತೂಗುತ್ತದೆ. 5 ಅಡಿ ಅಗಲ, 7 ಅಡಿ ಉದ್ದದ ಕೋಣೆಯ ಗೋಡೆಗಳಿಗೆ 7 ಅಡಿ ಎತ್ತರದವರೆಗೆ ಕಲ್ಲು ಹಾಕಿದರೆ, ಬಾಗಿಲು ಬಿಟ್ಟು ಸುಮಾರು 150 ಚದರಡಿ ಆಗುತ್ತದೆ. ಅಂದರೆ ಮುಕ್ಕಾಲು ಟನ್ ಕಲ್ಲು ನಾವು ಜಳಕ ಮಾಡುವಾಗ ತಲೆಯ ಸುತ್ತ ನಿಂತಿರುತ್ತದೆ. ಅಲ್ಲಲ್ಲಿ ನಾಲ್ಕು ಮುದ್ದೆ ಸಿಮೆಂಟ್ ಇಟ್ಟು ಒತ್ತಿಬಿಟ್ಟರೆ ಅದು ಎಷ್ಟು ದಿನ ನಿಂತೀತು? ಕಲ್ಲಿನ ಹಿಂಬದಿ ಪೂರಾ ಅಂಟು ಹಿಡಿಯಬೇಕು, ಪೊಳ್ಳು ಇರಬಾರದು. ಬೆರಳ ಗೆಣ್ಣಿನಿಂದ ಬಡಿದರೆ ಪೊಳ್ಳು ಇದ್ದಲ್ಲಿ ಸಪ್ಪಳ ಬೇರೆ ಬರುತ್ತದೆ. ನೆಲಕ್ಕೂ ಹಂಗೇ. ಕಲ್ಲು ಒಂದಿಷ್ಟು ನೀರು ಕುಡಿಯುತ್ತದೆ, ಸಂದೂ ಕುಡಿಯುತ್ತದೆ. ಹಾಸುವ ಮೊದಲು ಕೆಳಗೆ ನೀರು ತಡೆಯುವ ಲೇಪ ಕೊಟ್ಟು, ಜಾಲಿ ಮುಚ್ಚಿ, ಒಂದು ದಿನ ಪೂರಾ ನೀರು ನಿಲ್ಲಿಸಿ ನೋಡಬೇಕು. ಈ ಒಂದು ದಿನ ಕಾಯಲಾರದೆ ಆಮೇಲೆ ಹತ್ತು ವರ್ಷ ಪಕ್ಕದ ಕೋಣೆಯ ಗೋಡೆಗೆ ಬಣ್ಣ ಬಳಿಸುವವರು ಬಹಳ ಮಂದಿ.

ಇಷ್ಟು ಹೇಳಿದ ಮೇಲೆ ಹಳೆಯ ಬಚ್ಚಲನ್ನು ನಾನು ಹೊಗಳುತ್ತಿದ್ದೇನೆ ಅಂತ ತಿಳಿಯಬಾರದು. ವಿಮರ್ಶೆಯಲ್ಲಿ ಹಳೆಯದಕ್ಕೆ ರಿಯಾಯಿತಿ ಇಲ್ಲ. ಆ ಬಚ್ಚಲು ಕತ್ತಲೆಯ ಗೂಡು. ಒಲೆಯ ಹೊಗೆ ಹೋಗಲಿಕ್ಕೆ ದಾರಿ ಇರಲಿಲ್ಲ. ಪರಸಿಯ ಸಂದಿನ ಗಚ್ಚು ಎದ್ದು ಹೋಗಿ, ಅಲ್ಲಿ ಪಾಚಿ, ಕೆಳಗೆ ಚೇಳು. ಕಂಡಿಯಿಂದ ಹೊರಗೆ ಬಿದ್ದ ನೀರು ಓಣಿಯಲ್ಲಿ ನಿಂತು ಸೊಳ್ಳೆ. ಅದನ್ನು ತಿಕ್ಕಿ ತಿಕ್ಕಿ ಸೊಂಟ ಹೋದದ್ದು ಮನೆಯ ಹೆಣ್ಣುಮಕ್ಕಳದು. ಅವರೊಬ್ಬರು ನನಗೆ ನೇರವಾಗಿ ಅಂದರು: "ಮಾಸ್ತರ್ರೇ, ನಿಮಗ ಕಲ್ಲು ಚಂದ ಕಾಣತದ. ತಿಕ್ಕಾಕಿ ನಾನು. ನನಗ ಟೈಲ್ಸೇ ಚಂದ." ಈ ಮಾತಿಗೆ ಉತ್ತರ ಕೊಡದ ವಿಮರ್ಶೆ ವಿಮರ್ಶೆಯೇ ಅಲ್ಲ.

ಅವರ ಮಾತಿನಲ್ಲಿ ಸತ್ಯ ಇದೆ. ಒಳ್ಳೆಯ ವಿಟ್ರಿಫೈಡ್ ಟೈಲ್ಸು ತನ್ನ ತೂಕದ ನೂರಕ್ಕೆ ಅರ್ಧದಷ್ಟೂ ನೀರು ಕುಡಿಯುವುದಿಲ್ಲ. ಕಲೆ ಬೇಗ ಹೋಗುತ್ತದೆ. ಆದರೆ ಅವರ ದೂರು ನಿಜವಾಗಿ ಕಲ್ಲಿನ ಮೇಲಲ್ಲ. ಎದ್ದುಹೋದ ಸಂದಿನ ಮೇಲೆ, ನಿಂತ ನೀರಿನ ಮೇಲೆ, ಬಾರದ ಬೆಳಕಿನ ಮೇಲೆ. ಸಂದು ಎರಡು ಮೂರು ಮಿಲಿಮೀಟರಿಗಿಂತ ಅಗಲ ಇರದೆ ಗಟ್ಟಿಯಾಗಿ ತುಂಬಿದ್ದರೆ, ನೀರು ತಾನಾಗಿ ಹರಿದುಹೋದರೆ, ಮೇಲೊಂದು ಕಿಟಕಿಯಿಂದ ಗಾಳಿ ಬಿಸಿಲು ಬಂದು ನೆಲ ಒಣಗಿದರೆ, ತಿಕ್ಕುವ ಕೆಲಸ ಅರ್ಧ ಆಗುತ್ತದೆ. ಅಷ್ಟಾದ ಮೇಲೂ ಅವರಿಗೆ ಟೈಲ್ಸೇ ಬೇಕಾದರೆ ಒರಟು ಮುಖದ, ಜಾರದ ಟೈಲ್ಸು ಸಿಗುತ್ತದೆ, ಹಾಕಿಸಲಿ. ನನ್ನ ತಕರಾರು ಟೈಲ್ಸಿನ ಮೇಲಿಲ್ಲ. ಕಲ್ಲಿನ ವೇಷ ಹಾಕಿಕೊಂಡ, ಮೇಲಿಂದ ಹೊಳಪು ಬಳಿದುಕೊಂಡ ಟೈಲ್ಸಿನ ಮೇಲೆ.

ಈಗ ಶಬ್ದಾಲಂಕಾರಕ್ಕೆ ಬರೋಣ. ಅಂದರೆ ಕಣ್ಣಿಗೆ ಕಾಣುವ ಚಂದಕ್ಕೆ.

ಅಚ್ಚಿನ ಟೈಲ್ಸಿನಲ್ಲಿ ಕಲ್ಲಿನ ಗೆರೆಗಳನ್ನು ಯಂತ್ರ ಮುದ್ರಿಸುತ್ತದೆ. ಮುದ್ರಿಸುವ ಚಿತ್ರಗಳ ಸಂಖ್ಯೆಗೆ ಒಂದು ಮಿತಿ ಇರುತ್ತದೆ. ಹಿಂಗಾಗಿ ಗೋಡೆಯ ಮುಂದೆ ಸ್ವಲ್ಪ ಹೊತ್ತು ನಿಂತರೆ, ಇಲ್ಲಿ ಕಂಡ ಅದೇ ಗೆರೆ, ಅದೇ ಕವಲು ಮೂರು ಟೈಲ್ಸಿನ ಆಚೆ ಮತ್ತೆ ಕಾಣುತ್ತದೆ. ಪದ್ಯದಲ್ಲಿ ಪ್ರಾಸ ಹೊಂದದಿದ್ದಾಗ ಅದೇ ಶಬ್ದ ಮತ್ತೆ ಮತ್ತೆ ತಂದು ತುರುಕುವ ಕವಿಯ ಹಾಂಗ ಅದು. ಒಮ್ಮೆ ಕಂಡಿತೆಂದರೆ ಆಮೇಲೆ ಅದೇ ಕಾಣುತ್ತದೆ. ಖರೇ ಕಲ್ಲಿನಲ್ಲಿ ಒಂದರ ಹಾಂಗ ಇನ್ನೊಂದು ಇರುವುದಿಲ್ಲ. ನಮ್ಮ ಖಣಿಗಳಲ್ಲೇ ನೋಡಿದರೆ ನೀಲಿ ಬೂದು, ಹಸಿರು ಬೂದು, ಹಳದಿ, ಒಂದಿಷ್ಟು ಕಂದು. ಒಣಗಿದಾಗ ಮಂಕಾಗಿ ಕಾಣುವ ನೀಲಿ ಕಲ್ಲು ನೀರು ಬಿದ್ದ ಕೂಡಲೇ ಮಳೆಗಾಲದ ಮುಗಿಲಿನ ಹಾಂಗ ಗಾಢವಾಗುತ್ತದೆ. ಬಚ್ಚಲಮನೆಗೆ ಇದಕ್ಕಿಂತ ಒಪ್ಪುವ ಬಣ್ಣ ಯಾವುದು? ತೊಯ್ದಾಗ ಚಂದ ಕಾಣುವುದೇ ಅದರ ಗುಣ. ಪಾಲಿಶ್ ಅನ್ನುವುದು ಒಣ ಕಲ್ಲಿಗೆ ತೊಯ್ದ ಬಣ್ಣ ತರುವ ಉಪಾಯ. ದಿನಾ ನೀರು ಬೀಳುವ ನೆಲಕ್ಕೆ ಆ ಉಪಾಯ ಯಾಕ ಬೇಕು?

ಆದರೆ ಕಲ್ಲು ಒಂದರ ಹಾಂಗ ಒಂದು ಇಲ್ಲ ಅನ್ನುವುದು ಗುಣವೂ ಹೌದು, ಎಚ್ಚರ ತಪ್ಪಿದರೆ ದೋಷವೂ ಹೌದು. ಲಾರಿಯಿಂದ ಇಳಿದ ಕ್ರಮದಲ್ಲೇ ಹಾಸುತ್ತಾ ಹೋದರೆ ಒಂದು ಕಡೆ ಎಲ್ಲಾ ಹಳದಿ, ಒಂದು ಕಡೆ ಎಲ್ಲಾ ನೀಲಿ ಆಗಿ, ತೇಪೆ ಹಚ್ಚಿದ ಹಾಂಗ ಕಾಣುತ್ತದೆ. ಸಿಮೆಂಟ್ ಕಲಿಸುವ ಮೊದಲು ಎಲ್ಲಾ ಕಲ್ಲನ್ನು ಅಂಗಳದಲ್ಲಿ ಒಣದಾಗಿ ಹರವಿ, ಒಂದು ಕೊಡ ನೀರು ಚಿಮುಕಿಸಿ, ಬಣ್ಣ ನೋಡಿ ಹೊಂದಿಸಿ, ಬೆನ್ನಿಗೆ ನಂಬರು ಬರೆಯಬೇಕು. ಇದು ಹೊಸ ಇಂಜಿನಿಯರರ ಮಾತಲ್ಲ. ಹಂಪಿಯ ರಾಜಾಂಗಣದಲ್ಲಿ ಅಗೆದಾಗ ಸಿಕ್ಕ ಮೆಟ್ಟಿಲಿನ ಪುಷ್ಕರಣಿ ಇದೆಯಲ್ಲ, ಕರಿಯ ಕಲ್ಲಿನದು, ಅದರ ಕಲ್ಲುಗಳ ಮೇಲೆ ಯಾವ ದಿಕ್ಕು, ಯಾವ ಸಾಲು ಎಂಬ ಗುರುತುಗಳಿವೆ. ಎಲ್ಲಿ ಕೂಡಬೇಕು ಎಂಬುದನ್ನು ಮೊದಲೇ ನಿಶ್ಚಯಿಸಿ ಕಲ್ಲು ಕೊರೆದವರು ಅವರು. ಆ ಪುಷ್ಕರಣಿಯಲ್ಲಿ ಮೂರ್ತಿ ಇಲ್ಲ, ಹೂಬಳ್ಳಿ ಇಲ್ಲ. ಮೆಟ್ಟಿಲು, ಅದರ ನೆರಳು, ಮತ್ತೆ ಮೆಟ್ಟಿಲು. ಅಷ್ಟರಿಂದಲೇ ನೋಡುವವರು ಸುಮ್ಮನೆ ನಿಲ್ಲುತ್ತಾರೆ. ಅಳತೆ ಸರಿ ಇದ್ದರೆ ಅಲಂಕಾರ ಬಹಳ ಬೇಕಾಗುವುದಿಲ್ಲ.

ಗೋಡೆಯ ವಿಷಯದಲ್ಲೂ ಅದೇ. ನೆಲಕ್ಕೆ ಕಲ್ಲು, ಗೋಡೆಗೆ ನೀರು ಬಡಿಯುವ ಮೂರು ನಾಲ್ಕು ಅಡಿಯ ತನಕ ಕಲ್ಲು, ಅದರ ಮೇಲೆ ಬಿಳಿ ಗಿಲಾವು. ಇಷ್ಟು ಮಾಡಿದರೆ ಭಾರವೂ ಅರ್ಧ, ದುಡ್ಡೂ ಅರ್ಧ, ಕೋಣೆಗೆ ಬೆಳಕೂ ಹೆಚ್ಚು. ನಾಲ್ಕೂ ಗೋಡೆಗೆ ಮಾಳಿಗೆಯ ತನಕ ಕಲ್ಲು ಹಾಕಿದ ಸಣ್ಣ ಕೋಣೆಯೊಳಗೆ ನಿಂತರೆ ನನಗಂತೂ ಹಗೇವಿನೊಳಗೆ ಇಳಿದ ಹಾಂಗ ಆಗುತ್ತದೆ.

ಇನ್ನು ಅರ್ಥಾಲಂಕಾರ. ಕಲ್ಲು ನಮಗೆ ಏನು ಹೇಳುತ್ತದೆ ಎಂಬುದು.

ಇದಕ್ಕೆ ಬಹಳ ದೂರದ ಒಂದು ಉದಾಹರಣೆ ಬೇಕು. ಸ್ವಿಟ್ಜರ್ಲೆಂಡಿನ ಗುಡ್ಡಗಳ ನಡುವೆ ವಾಲ್ಸ್ ಎಂಬ ಹಳ್ಳಿ. ಅಲ್ಲಿ ಬಿಸಿನೀರಿನ ಬುಗ್ಗೆ ಇದೆ. ದಿವಾಳಿಯಾದ ಹೋಟೆಲುಗಳನ್ನು 1983ರಲ್ಲಿ ಆ ಹಳ್ಳಿಯವರೇ ಕೊಂಡು, ಪೀಟರ್ ಜುಮ್‌ಥೋರ್ ಎಂಬ ವಾಸ್ತುಶಿಲ್ಪಿಗೆ ಹೊಸ ಸ್ನಾನಗೃಹ ಕಟ್ಟಿಕೊಡು ಅಂತ ಒಪ್ಪಿಸಿದರು. ಅದು 1996ರಲ್ಲಿ ಮುಗಿಯಿತು. ಅವನು ಕಲ್ಲನ್ನು ಇಟಲಿಯಿಂದ ತರಿಸಲಿಲ್ಲ. ಅದೇ ಕಣಿವೆಯ ಖಣಿಯಲ್ಲಿ ಸಿಗುವ, ಆ ಊರಿನ ಮನೆಯ ಮಾಳಿಗೆಗಳಿಗೆ ಹೊದಿಸುವ ಬೂದು ಬಣ್ಣದ ಕಲ್ಲನ್ನೇ ತೆಳುವಾದ ಉದ್ದ ಪಟ್ಟಿಗಳಾಗಿ ಕೊಯ್ಸಿ ಒಂದರ ಮೇಲೊಂದು ಪೇರಿಸಿದ. ಪಟ್ಟಿಗಳು ಮೂರು ದಪ್ಪದವು. ಮೂರೂ ಸಂದು ಸಹಿತ ಕೂಡಿದರೆ 15 ಸೆಂಟಿಮೀಟರ್. ನಾನು ಅಲ್ಲಿಗೆ ಹೋದವನಲ್ಲ, ಚಿತ್ರ ನೋಡಿದವನು. ಅದರಲ್ಲಿ ಹೊಳಪಿಲ್ಲ, ಚಿನ್ನದ ಬಣ್ಣದ ನಲ್ಲಿ ಇಲ್ಲ. ಕಲ್ಲು, ನೀರು, ಮೇಲಿನ ಸಂದಿನಿಂದ ಇಳಿಯುವ ಬೆಳಕು. ಜಗತ್ತಿನ ಮಂದಿ ಅದನ್ನು ನೋಡಲಿಕ್ಕೆ ಆ ಹಳ್ಳಿಗೆ ಹೋಗುತ್ತಾರೆ.

ಆ ಕಲ್ಲು ಬೇರೆ ಜಾತಿಯದು, ಆ ದೇಶದ ದುಡ್ಡೂ ಬೇರೆ. ಅದನ್ನು ನಕಲು ಮಾಡಿರಿ ಅಂತ ನಾನು ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ: ಒಂದು ಹಳ್ಳಿ ತನ್ನ ಮಾಳಿಗೆಯ ಕಲ್ಲಿನಲ್ಲಿ ಚಂದ ಕಂಡಿತು; ನಮ್ಮ ಹಳ್ಳಿ ತನ್ನ ನೆಲದ ಕಲ್ಲಿನಲ್ಲಿ ಯಾಕ ಬಡತನ ಮಾತ್ರ ಕಾಣುತ್ತದೆ? "ಶಾಬಾದಿ ಹಾಕ್ಸೀರೇನ್ರಿ?" ಅಂತ ಕೇಳುವ ದನಿಯಲ್ಲೇ ಒಂದು ತಾತ್ಸಾರ ಇರುತ್ತದೆ. ಇದೇ ಕಲ್ಲನ್ನು ಚೌಕ ಕೊಯ್ದು, ಅಂಚು ತಿದ್ದಿ, ಹೊರಗಿನ ಪಟ್ಟಣಗಳಿಗೆ ಲಾರಿಯಲ್ಲಿ ಕಳಿಸುತ್ತೇವೆ. ಅಲ್ಲಿ ಅದು 'ನೈಸರ್ಗಿಕ ಶಿಲೆ' ಆಗುತ್ತದೆ. ಕಳಿಸಿ ಬಂದ ದುಡ್ಡಿನಲ್ಲಿ ನಾವು ಕಲ್ಲಿನ ಚಿತ್ರ ಇರುವ ಟೈಲ್ಸು ಕೊಂಡು ತರುತ್ತೇವೆ.

ಭಾಷೆಯ ವಿಷಯದಲ್ಲಿ ನಮಗೆ ಇದು ಗೊತ್ತಿರುವ ಕಥೆಯೇ. 1956ರಲ್ಲಿ ತಾಂಡೂರು ತಾಲೂಕು ಗುಲಬರ್ಗಾ ಜಿಲ್ಲೆಯಿಂದ ಬಿಟ್ಟು ಆಂಧ್ರಕ್ಕೆ ಸೇರಿತು. ಗಡಿಯ ಗೆರೆ ನೆಲದ ಮೇಲೆ ಬಿತ್ತು, ನೆಲದೊಳಗಿನ ಕಲ್ಲಿನ ಪದರಿಗೆ ಅದು ತಿಳಿಯಲಿಲ್ಲ. ಆ ಕಡೆ ಅಗೆದರೆ ಶಾಬಾದಿ ಕಲ್ಲು, ಈ ಕಡೆ ಅಗೆದರೆ ತಾಂಡೂರ ಕಲ್ಲು. ಹೆಸರು ಎರಡು, ಹಾಸು ಒಂದೇ. ನಾವು ಮನೆಯೊಳಗೆ ಆಡುವ ಕನ್ನಡವೂ ಹಿಂಗೇ. ಆಡಲಿಕ್ಕೆ ಬೇಕು, ಮೆರೆಸಲಿಕ್ಕೆ ನಾಚಿಕೆ. ಕಲ್ಲನ್ನು ಭಾಷೆಗೆ ಹೋಲಿಸಿ ಭಾಷಣ ಮಾಡುವುದು ನನ್ನ ಉದ್ದೇಶ ಅಲ್ಲ. ಆದರೆ ಕೈಯೊಳಗಿನ ವಸ್ತುವಿನ ಗುಣ ತಿಳಿಯದೆ ಅದನ್ನು ಬಡವರ ವಸ್ತು ಅನ್ನುವುದು ಎರಡೂ ಕಡೆ ಒಂದೇ ತಪ್ಪು.

ಅರ್ಥದ ಇನ್ನೊಂದು ಮುಖವನ್ನೂ ಬಿಡಬಾರದು. ಈ ಕಲ್ಲು ತಾನಾಗಿ ಎದ್ದು ಬಂದು ನಮ್ಮ ಬಚ್ಚಲಿಗೆ ಹಾಸಿಕೊಳ್ಳುವುದಿಲ್ಲ. ಖಣಿಯಲ್ಲಿ ಬಿಸಿಲೊಳಗೆ ಅದನ್ನು ಎಬ್ಬಿಸಿದವರು, ಪಾಲಿಶ್ ಕಾರ್ಖಾನೆಯ ಕೆಸರಿನಲ್ಲಿ ನಿಂತವರು ನಮ್ಮವರೇ. ಕಲ್ಲಿನ ದೂಳು ಎದೆಗೆ ಕೆಟ್ಟದ್ದು. ಕಲ್ಲು 'ನೈಸರ್ಗಿಕ' ಅನ್ನುವ ಶಬ್ದದೊಳಗೆ ಅವರ ಕೆಮ್ಮು ಕೇಳಿಸುವುದಿಲ್ಲ. ಖಣಿಯ ವ್ಯವಸ್ಥೆ ನಾವು ಒಬ್ಬೊಬ್ಬರೇ ತಿದ್ದಲಾರೆವು. ನಮ್ಮ ಮನೆಯ ಮುಂದೆ ಗೌಂಡಿ ಗ್ರೈಂಡರ್ ಹಿಡಿದು ಒಣ ಕಲ್ಲು ಕೊಯ್ಯುವಾಗ ಮಾತ್ರ ಒಂದು ಬಕೀಟು ನೀರು ತಂದಿಟ್ಟು, "ತೋಯ್ಸಿ ಕೊಯ್ಯೋ ತಮ್ಮಾ, ಮುಖಕ್ಕ ಬಟ್ಟಿ ಕಟ್ಕೋ" ಅನ್ನಬಹುದು. ಇದೂ ಬಚ್ಚಲಮನೆಯ ಚಂದದ ಲೆಕ್ಕದಲ್ಲೇ ಬರಬೇಕು ಅಂತ ನನ್ನ ಮತ.

ಈಗ ತೀರ್ಪು. ಮೂರು ಕೃತಿಗಳಲ್ಲಿ ಎರಡನೆಯದು, ಅಂದರೆ ಹೊಳಪಿನ ಅಚ್ಚಿನ ಟೈಲ್ಸಿನದು, ಒಣಗಿದಾಗ ಮಾತ್ರ ಕೃತಿ. ನೀರು ಬಿದ್ದ ಕೂಡಲೇ ಅದು ಅಪಾಯ. ಮೂರನೆಯದು ಕಲ್ಲನ್ನು ಖರೇ ತಂದಿತು, ಆದರೆ ಉಜ್ಜಿ ಉಜ್ಜಿ ಅದರ ಗುಣ ಕಳೆಯಿತು. ಮೊದಲನೆಯದರಲ್ಲಿ ನೀರಿನ ತಿಳುವಳಿಕೆ ಇದೆ, ಬೆಳಕಿನ ತಿಳುವಳಿಕೆ ಇಲ್ಲ, ತಿಕ್ಕುವವರ ಮೇಲೆ ಕರುಣೆ ಇಲ್ಲ. ನಮಗೆ ಬೇಕಾದದ್ದು ನಾಲ್ಕನೆಯದು, ಇನ್ನೂ ಕಟ್ಟದೇ ಇರುವುದು. ನೆಲಕ್ಕೆ ನಮ್ಮದೇ ಕಲ್ಲು, ಒಂದಡಿಯ ಚೌಕ, ಅರ್ಧ ಉಜ್ಜಿದ್ದು. ಮೂರಡಿಗೆ ಅರ್ಧ ಇಂಚು ಇಳಿಜಾರು. ಕೆಳಗೆ ನೀರು ತಡೆಯುವ ಲೇಪ. ಸೊಂಟದೆತ್ತರಕ್ಕೆ ಕಲ್ಲು, ಮೇಲೆ ಬಿಳಿ ಗೋಡೆ. ಪೂರ್ವಕ್ಕೋ ದಕ್ಷಿಣಕ್ಕೋ ಒಂದು ಎತ್ತರದ ಕಿಟಕಿ. ಕುಂತು ಜಳಕ ಮಾಡುವ ಹಿರಿಯರಿಗೆ ಗೋಡೆಗೆ ಹಚ್ಚಿದ ಒಂದು ಕಲ್ಲಿನ ಕಟ್ಟೆ, ಏಳುವಾಗ ಹಿಡಿಯಲಿಕ್ಕೆ ಒಂದು ಕೊಳವೆ. ಇದರೊಳಗೆ ಒಂದೂ ಪರದೇಶದ ವಸ್ತು ಇಲ್ಲ, ನಮ್ಮ ಗೌಂಡಿಗೆ ಬಾರದ ಒಂದೂ ಕೆಲಸ ಇಲ್ಲ.

ಕಟ್ಟಿಸುವವರಿಗೆ ಒಂದೇ ಮಾತು ಹೇಳಿ ಮುಗಿಸುತ್ತೇನೆ. ಗೌಂಡಿಗೆ ಕೊನೆಯ ಕೂಲಿ ಎಣಿಸುವ ಮೊದಲು ಬಚ್ಚಲಮನೆಯ ದೂರದ ಮೂಲೆಗೆ ಒಂದು ತಂಬಿಗೆ ನೀರು ಸುರಿಯಿರಿ. ಅದು ಎಲ್ಲಿಯೂ ನಿಲ್ಲದೆ ಜಾಲಿಗೆ ಹೋಯಿತೇ ನೋಡಿರಿ. ಆಮೇಲೆ ಮನೆಯ ಎಲ್ಲರಿಗಿಂತ ಹಿರಿಯರನ್ನು ಕರೆದು, ಕೈ ಹಿಡಿದುಕೊಂಡು, ಆ ತೊಯ್ದ ನೆಲದ ಮೇಲೆ ಬರಿಗಾಲಲ್ಲಿ ನಾಲ್ಕು ಹೆಜ್ಜೆ ಇಡಿಸಿರಿ. ಅವರು ನಿಮ್ಮ ಕೈ ಬಿಟ್ಟು ತಾವೇ ನಡೆದರೆ ಆ ಬಚ್ಚಲಮನೆ ಚಂದ ಇದೆ.